ಗದ್ದೆಯ ಕೊಕ್ಕರೆ, ಅನಂತಪುರದ ಮೊಸಳೆ, ಮತ್ತೆ ಮೀನು ತಿಂದ ಡೈನೋಸಾರ್

"ಟೀಚರ್, ಇದು ಮೀನು ತಿಂತಿತ್ತು ಅಂತ ಬರ್ದಿದ್ದಾರಲ್ಲ, ಅದನ್ನು ಯಾರು ನೋಡಿದ್ದು?"

ಐದನೇ ಕ್ಲಾಸಿನ ಹುಡುಗಿ ಕೇಳಿದ್ದು ಇಷ್ಟೇ. ನಮ್ಮದು ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಸ್ವಲ್ಪ ಒಳಗಿನ ಕನ್ನಡ ಮೀಡಿಯಂ ಶಾಲೆ, ಮಕ್ಕಳ ಮನೆಯಲ್ಲಿ ತುಳು ಉಂಟು ಮಲಯಾಳ ಉಂಟು ಹವ್ಯಕ ಕೊಂಕಣಿ ಮರಾಠಿ ಎಲ್ಲ ಉಂಟು, ಶಾಲೆಗೆ ಬಂದ ಮೇಲೆ ಎಲ್ಲರಿಗೂ ಕನ್ನಡ. ಶುಕ್ರವಾರದ ಕೊನೆಯ ಪೀರಿಯಡ್ಡು ಓದುವ ಪೀರಿಯಡ್ಡು ಅಂತ ಇಟ್ಕೊಂಡಿದ್ದೇವೆ. ಲೈಬ್ರರಿಗೆ ಯಾರೋ ಕೊಟ್ಟ ಡೈನೋಸಾರ್ ಚಿತ್ರದ ಪುಸ್ತಕ ಇಂಗ್ಲಿಷಲ್ಲಿ ಉಂಟು, ಅದನ್ನು ನಾನು ಕನ್ನಡದಲ್ಲಿ ಹೇಳ್ತಾ ಹೋಗೋದು, ಅವ್ರು ಚಿತ್ರ ನೋಡೋದು. ಉದ್ದ ಮೂತಿ, ಬಾಯಲ್ಲಿ ಮೀನು, ಕೈಯಲ್ಲಿ ಕತ್ತಿ ಥರದ ಉಗುರು ಇರುವ ಒಂದು ಪುಟದ ಹತ್ತಿರ ಈ ಪ್ರಶ್ನೆ ಬಂತು, ಮತ್ತೆ ನಾವು ಮೂರು ವಾರ ಆ ಪುಟದಿಂದ ಮುಂದೆ ಹೋಗ್ಲೇ ಇಲ್ಲ.

ಡೈನೋಸಾರ್ ಬಗ್ಗೆ ಮಕ್ಕಳಿಗೆ ಹೇಳುವಾಗ ನಾವು ದೊಡ್ಡವರು ಹೆಚ್ಚಾಗಿ ಎಷ್ಟು ದೊಡ್ಡದು, ಎಷ್ಟು ಭಯಂಕರ, ಯಾರಿಗೆ ಯಾರು ಹೊಡೆದ್ರು ಅಂತ ಶುರು ಮಾಡ್ತೇವೆ. ನನಗೆ ಈಗ ಅನ್ನಿಸೋದು, ಶುರು ಮಾಡ್ಬೇಕಾದ್ದು ಆ ಹುಡುಗಿಯ ಪ್ರಶ್ನೆಯಿಂದ. ಯಾರೂ ನೋಡಿಲ್ಲ, ಆದ್ರೂ ಗೊತ್ತಾಯ್ತು, ಹೇಗೆ? ಅದಕ್ಕೆ ಬೋರ್ಡಲ್ಲಿ ನಡುವೆ ಒಂದು ಗೆರೆ ಎಳೆದೆ. ಎಡಗಡೆ "ಸಿಕ್ಕಿದ್ದು", ಬಲಗಡೆ "ಊಹಿಸಿದ್ದು". ಒಂದೊಂದು ಮಾತು ಬಂದ ಹಾಗೆ ಅದು ಯಾವ ಕಡೆಗೆ ಹೋಗ್ತದೆ ಅಂತ ಮಕ್ಕಳೇ ಹೇಳ್ಬೇಕು. ಇದನ್ನು ಓದುವ ಟೀಚರ್‌ಗಳು, ಅಪ್ಪ ಅಮ್ಮಂದಿರು ಮನೆಯಲ್ಲೂ ಮಾಡ್ಬಹುದು, ಒಂದು ಹಾಳೆ ಸಾಕು.

ಮೊದಲು ಹೆಸರು. ಬಾರಿಯೋನಿಕ್ಸ್. ಗ್ರೀಕ್ ಭಾಷೆಯಿಂದ ಬಂದದ್ದು, ಬಾರಿಸ್ ಅಂದ್ರೆ ಭಾರದ್ದು, ಓನಿಕ್ಸ್ ಅಂದ್ರೆ ಉಗುರು. ನಮ್ಮ ಕಡೆ ಮಕ್ಕಳಿಗೆ ಇದು ನೆನಪಿಟ್ಕೊಳ್ಳಿಕ್ಕೆ ಕಷ್ಟವೇ ಇಲ್ಲ, ಯಾಕಂದ್ರೆ "ಭಾರೀ ಉಗುರು" ಅಂತ ಹೇಳಿದ್ರೆ ಆಯ್ತು, ಎರಡು ಸರ್ತಿ ಹೇಳಿದ್ದಕ್ಕೆ ಬಾಯಿಗೆ ಬಂತು.

ಸಿಕ್ಕಿದ ಕಥೆ ಹೀಗೆ. 1983ರ ಜನವರಿ, ಇಂಗ್ಲೆಂಡಿನ ಸರ್ರೆ ಅಂತ ಒಂದು ಜಿಲ್ಲೆ, ಅಲ್ಲಿ ಇಟ್ಟಿಗೆ ಮಾಡ್ಲಿಕ್ಕೆ ಜೇಡಿಮಣ್ಣು ತೆಗೆಯುವ ದೊಡ್ಡ ಗುಂಡಿ. ಮಂಗಳೂರು ಹಂಚಿನ ಫ್ಯಾಕ್ಟರಿಗೆ ಮಣ್ಣು ತೆಗೀತಿದ್ರಲ್ಲ, ಹಾಗೆಯೇ. ವಿಲಿಯಂ ವಾಕರ್ ಅಂತ ಒಬ್ರು, ಕೆಲಸ ಪ್ಲಂಬಿಂಗು, ರಜೆ ಸಿಕ್ಕಿದಾಗ ಪಳೆಯುಳಿಕೆ ಹುಡುಕೋದು ಅವರ ಆಸಕ್ತಿ. ಆ ಗುಂಡಿಯಲ್ಲಿ ಒಂದು ಕಲ್ಲಿನ ಉಂಡೆ ಕಂಡಿತು, ಒಡೆದ್ರು, ಒಳಗೆ ದೊಡ್ಡ ಉಗುರಿನ ತುಂಡುಗಳು. ಮನೆಗೆ ತಂದು ಜೋಡಿಸಿದಾಗ ತುದಿ ಇಲ್ಲ! ಕೆಲವು ವಾರ ಬಿಟ್ಟು ಪುನಃ ಅದೇ ಜಾಗಕ್ಕೆ ಹೋಗಿ ಹುಡುಕಿ ಆ ತುದಿಯನ್ನೂ ತಂದ್ರು. ಮಕ್ಕಳಿಗೆ ಈ ತುದಿ ಹುಡುಕ್ಲಿಕ್ಕೆ ವಾಪಸ್ ಹೋದ ಭಾಗ ತುಂಬ ಹಿಡಿಸಿತು, ಪ್ಲಂಬರ್ ಅಂತ ಕೇಳಿ ಒಬ್ಬ ಎದ್ದು ನಿಂತು "ನನ್ನ ಮಾವನೂ ಪ್ಲಂಬರೇ" ಅಂದ. ಆಮೇಲೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನವರು ಬಂದು ಆ ವರ್ಷವೇ ಅಗೆದು, ಮೂಳೆ ಸೇರ್ಕೊಂಡ ಕಲ್ಲು ಸುಮಾರು ಎರಡು ಟನ್ ತಕ್ಕೊಂಡು ಹೋದ್ರು. ಕಲ್ಲು ಬಹಳ ಗಟ್ಟಿ, ಅದ್ರಿಂದ ಮೂಳೆ ಬಿಡಿಸ್ಲಿಕ್ಕೆ ವರ್ಷಗಟ್ಟಲೆ ಹಿಡೀತು. 1986ರಲ್ಲಿ ಅಲನ್ ಚಾರಿಗ್ ಮತ್ತೆ ಆಂಜೆಲಾ ಮಿಲ್ನರ್ ಅಂತ ಇಬ್ಬರು ವಿಜ್ಞಾನಿಗಳು ಅದಕ್ಕೆ ಬಾರಿಯೋನಿಕ್ಸ್ ವಾಕೆರಿ ಅಂತ ಹೆಸರಿಟ್ರು. ವಾಕೆರಿ ಅಂದ್ರೆ ಆ ಪ್ಲಂಬರ್ ವಾಕರ್ ಅವರ ಹೆಸರು.

ಉಗುರಿನ ಮೂಳೆ ಬಾಗಿದ ಉದ್ದಕ್ಕೆ ಅಳೆದ್ರೆ ಸುಮಾರು 31 ಸೆಂಟಿಮೀಟರ್. ಇದನ್ನು ಬಾಯಲ್ಲಿ ಹೇಳಿ ಬಿಡ್ಬೇಡಿ. ಮಕ್ಕಳ ಹತ್ರ ದೊಡ್ಡ ಸ್ಕೇಲ್ ಇರ್ತದೆ, 30 ಸೆಂಟಿಮೀಟರಿನದ್ದು, ಅದನ್ನು ಹೆಬ್ಬೆರಳಿನ ಮೇಲೆ ಇಟ್ಕೊಳ್ಳಿಕ್ಕೆ ಹೇಳಿ. ಅದೊಂದು ಬೆರಳಿನ ಉಗುರು! ಅದೂ ಒಳಗಿನ ಮೂಳೆ ಮಾತ್ರ, ಜೀವ ಇದ್ದಾಗ ಅದ್ರ ಮೇಲೆ ನಮ್ಮ ಉಗುರಿನ ಥರದ ಪದರ ಬೇರೆ ಇತ್ತು, ಹಾಗಾಗಿ ಇನ್ನೂ ಉದ್ದ. ಕ್ಲಾಸಲ್ಲಿ ಒಂದೈದು ನಿಮಿಷ ಎಲ್ಲರೂ ಸ್ಕೇಲ್ ಹಿಡ್ಕೊಂಡು ಕೂತಿದ್ರು, ನಾನೂ ಹಿಡ್ಕೊಂಡೆ.

ಈಗ ಮುಖ್ಯ ವಿಷಯಕ್ಕೆ ಬರುವ. ಮೀನು ತಿಂತಿತ್ತು ಅಂತ ಹೇಗೆ ಗೊತ್ತಾಯ್ತು? ಮೂಳೆ ಬಿಡಿಸ್ತಾ ಹೋದಾಗ ಪಕ್ಕೆಲುಬಿನ ಒಳಗಡೆ, ಅಂದ್ರೆ ಹೊಟ್ಟೆ ಇದ್ದ ಜಾಗದಲ್ಲಿ, ಮೀನಿನ ಹುರುಪೆಗಳು ಸಿಕ್ಕಿದವು, ಪಾಠದಲ್ಲಿ ಶಲ್ಕ ಅಂತ ಬರ್ತದಲ್ಲ ಅದೇ, ಜೊತೆಗೆ ಮೀನಿನ ಹಲ್ಲುಗಳೂ. ನಮ್ಮ ಬೂತಾಯಿಯ ಹುರುಪೆ ಹಾಗೆ ತೆಳ್ಳಗೆ ಉಗುರಲ್ಲಿ ತೆಗೆದ್ರೆ ಬರುವಂಥದ್ದಲ್ಲ, ದಪ್ಪ, ಗಟ್ಟಿ, ಮೇಲೆ ಹಲ್ಲಿನ ಎನಾಮಲ್ ಥರ ಹೊಳಪು ಇರುವ ಹುರುಪೆ, ಆಗಿನ ಕಾಲದ ದೊಡ್ಡ ಮೀನಿನದ್ದು. (ಬೂತಾಯಿ ಅಂದ ಕೂಡ್ಲೇ ಕ್ಲಾಸಲ್ಲಿ ಗಲಾಟೆ, ಮಲಯಾಳದವರಿಗೆ ಅದು ಮತ್ತಿ, ಕೊಂಕಣಿಯವರಿಗೆ ತಾರ್ಲೆ, ಪುಸ್ತಕದ ಕನ್ನಡದಲ್ಲಿ ಬೈಗೆ, ನಾಲ್ಕನ್ನೂ ಬೋರ್ಡಲ್ಲಿ ಬರೆದೆ.)

ಇಲ್ಲಿ ಒಬ್ಬ ಹುಡುಗ ಬಹಳ ಒಳ್ಳೆ ತಕರಾರು ತೆಗೆದ. "ಟೀಚರ್, ಅದು ಸತ್ತು ಕೆಸರಲ್ಲಿ ಬಿದ್ದಿದ್ದಾಗ ಬೇರೆ ಯಾವುದೋ ಮೀನು ಅಲ್ಲೇ ಸತ್ತಿರ್ಬಹುದಲ್ವಾ? ಹೊಳೆ ಹತ್ರ ಅಲ್ವಾ?" ಹೌದು, ಆಗ್ಬಹುದು. ಜಾಗ ಒಂದೇ ಆದ ಮಾತ್ರಕ್ಕೆ ತಿಂದಿದೆ ಅಂತ ಹೇಳ್ಲಿಕ್ಕೆ ಆಗೋದಿಲ್ಲ. ಆದ್ರೆ ಆ ಹುರುಪೆಗಳ ಮೇಲೆ ಆಸಿಡ್ ತಿಂದ ಗುರುತು ಇತ್ತು. ಹೊಟ್ಟೆಯಲ್ಲಿ ಜೀರ್ಣ ಆಗ್ಲಿಕ್ಕೆ ಆಸಿಡ್ ಇರ್ತದೆ, ಕೆಸರಲ್ಲಿ ಸುಮ್ಮನೆ ಬಿದ್ದ ಹುರುಪೆಗೆ ಆ ಗುರುತು ಬರೋದಿಲ್ಲ.

ಆಸಿಡ್ ಗುರುತು ಅಂದ್ರೆ ಎಂತ ಅಂತ ಮಕ್ಕಳಿಗೆ ಕಣ್ಣಲ್ಲಿ ಕಾಣ್ಬೇಕು. ನಾವು ಒಂದು ಗ್ಲಾಸಲ್ಲಿ ವಿನೆಗರ್ ಹಾಕಿ ಕೋಳಿಮೊಟ್ಟೆಯ ಸಿಪ್ಪೆ ಹಾಕಿದೆವು, ಇನ್ನೊಂದು ಗ್ಲಾಸಲ್ಲಿ ಬರೇ ನೀರು ಹಾಕಿ ಅದೇ ಸಿಪ್ಪೆ. ವಿನೆಗರಿನದ್ದು ಕೂಡ್ಲೇ ಸಣ್ಣ ಸಣ್ಣ ಗುಳ್ಳೆ ಬಿಡ್ಲಿಕ್ಕೆ ಶುರು ಮಾಡಿತು, ಸೋಮವಾರ ಬಂದು ನೋಡುವಾಗ ನೀರಿನದ್ದು ಹಾಗೇ ಉಂಟು, ವಿನೆಗರಿನದ್ದು ಗಟ್ಟಿ ಭಾಗ ಎಲ್ಲ ಕರಗಿ ಕೈಯಲ್ಲಿ ಮುಟ್ಟಿದ್ರೆ ಮೆತ್ತಗಿನ ಪೊರೆ ಮಾತ್ರ. ತಕರಾರು ತೆಗೆದ ಹುಡುಗನೇ ಬಂದು ಬೋರ್ಡಲ್ಲಿ ಎಡಗಡೆ "ಹೊಟ್ಟೆಯ ಜಾಗದಲ್ಲಿ ಮೀನಿನ ಹುರುಪೆ, ಆಸಿಡ್ ತಿಂದದ್ದು" ಅಂತ ಬರೆದ. ನನ್ನ ಪ್ರಕಾರ ಈ ಇಡೀ ಪಾಠದಲ್ಲಿ ಅತ್ಯಂತ ಮುಖ್ಯ ಜಾಗ ಇದು. ಮಾಂಸ ತಿನ್ನುವ ದೊಡ್ಡ ಡೈನೋಸಾರ್ ಮೀನು ತಿಂದದ್ದಕ್ಕೆ ಇಷ್ಟು ನೇರವಾದ ಸಾಕ್ಷಿ ಅದಕ್ಕಿಂತ ಮೊದಲು ಇರ್ಲಿಲ್ಲ.

ಅಲ್ಲಿಗೆ ಮುಗೀಲಿಲ್ಲ. ಅದೇ ಪಕ್ಕೆಲುಬಿನ ಒಳಗೆ ಇಗ್ವಾನೊಡಾನ್ ಜಾತಿಯ ಒಂದು ಮರಿ ಡೈನೋಸಾರಿನ ಮೂಳೆಗಳೂ ಸಿಕ್ಕಿದವು, ಇಗ್ವಾನೊಡಾನ್ ಅಂದ್ರೆ ಸೊಪ್ಪು ತಿನ್ನುವಂಥದ್ದು. ಹಾಗಾದ್ರೆ "ಮೀನು ಮಾತ್ರ ತಿಂತಿತ್ತು" ಅಂತ ಬರೆದ್ರೆ ತಪ್ಪಾಗ್ತದೆ, "ಮೀನೂ ತಿಂತಿತ್ತು" ಅಂತ ಬರೀಬೇಕು. ಒಂದು ದೀರ್ಘ "ನೂ" ಎಷ್ಟು ದೊಡ್ಡ ವ್ಯತ್ಯಾಸ ಮಾಡ್ತದೆ ಅಂತ ಕನ್ನಡ ವ್ಯಾಕರಣವೂ ಅದ್ರಲ್ಲೇ ಹೇಳಿಕೊಟ್ಟ ಹಾಗಾಯ್ತು. ಮತ್ತೆ ಆ ಮರಿಯನ್ನು ಬೇಟೆಯಾಡಿದ್ದಾ, ಸತ್ತು ಬಿದ್ದದ್ದನ್ನು ತಿಂದದ್ದಾ? ಮೂಳೆ ಅದನ್ನು ಹೇಳೋದಿಲ್ಲ. "ಬೇಟೆಯಾಡಿತು" ಬಲಗಡೆಗೆ ಹೋಯ್ತು.

ಎರಡನೇ ಸಾಕ್ಷಿ ಬಾಯಿ. ನಮ್ಮ ಮಕ್ಕಳಿಗೆ ಮೊಸಳೆ ಅಂದ್ರೆ ಅನಂತಪುರದ ಬಬಿಯಾ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ, 2022ರ ಅಕ್ಟೋಬರಿನಲ್ಲಿ ತೀರಿಹೋಯ್ತು, ಆ ದಿನ ಜನ ಸಾಲುಗಟ್ಟಿ ಬಂದು ನೋಡಿದ್ರು, ನಮ್ಮ ಮಕ್ಕಳಲ್ಲಿ ತುಂಬ ಜನ ಹೋಗಿದ್ದಾರೆ. ಬಬಿಯಾನ ಮೂತಿ ಹೇಗಿತ್ತು ಅಂತ ಕೇಳಿದೆ. ಅಗಲ, ಗಿಡ್ಡ, ಅಂದ್ರು. ಸರಿ, ಅದು ಮಗ್ಗರ್ ಜಾತಿ. ಇನ್ನು ಉತ್ತರ ಭಾರತದಲ್ಲಿ ಚಂಬಲ್ ನದಿಯಲ್ಲಿ ಘರಿಯಾಲ್ ಅಂತ ಉಂಟು, ಅದ್ರ ಮೂತಿ ಕೋಲಿನ ಹಾಗೆ ಸಪೂರ ಉದ್ದ, ಬಾಯಲ್ಲಿ ನೂರಕ್ಕೂ ಹೆಚ್ಚು ಚೂಪು ಹಲ್ಲು, ಊಟ ಹೆಚ್ಚಾಗಿ ಮೀನು. ನೀರೊಳಗೆ ಅಗಲದ ಬಾಯಿಯನ್ನು ಪಕ್ಕಕ್ಕೆ ಬೀಸ್ಲಿಕ್ಕೆ ನೀರು ಬಿಡೋದಿಲ್ಲ, ಸಪೂರದ್ದು ಸರ್ರನೆ ಹೋಗ್ತದೆ. ಬಕೆಟಲ್ಲಿ ನೀರು ಇಟ್ಟು ಒಂದು ತಟ್ಟೆಯನ್ನು ಬೀಸಿ ನೋಡಿ, ಮತ್ತೆ ಒಂದು ಕೋಲನ್ನು ಬೀಸಿ ನೋಡಿ, ಕೈಗೇ ಗೊತ್ತಾಗ್ತದೆ.

ಬಾರಿಯೋನಿಕ್ಸಿನ ತಲೆಬುರುಡೆ ಒಂದು ಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ಸಪೂರ. ಮೂತಿಯ ತುದಿ ಸ್ವಲ್ಪ ಅಗಲ, ಅದ್ರ ಹಿಂದೆ ಮೇಲಿನ ದವಡೆಯಲ್ಲಿ ಒಂದು ತಗ್ಗು, ಕೆಳಗಿನ ದವಡೆಯ ದೊಡ್ಡ ಹಲ್ಲು ಬಂದು ಅಲ್ಲಿ ಕೂತ್ಕೊಳ್ತದೆ, ಮೊಸಳೆಗಳಲ್ಲೂ ಹೀಗೆ ಉಂಟು. ಮೂಗಿನ ತೂತು ತುದಿಯಲ್ಲಿ ಅಲ್ಲ, ಹಿಂದಕ್ಕೆ. ತುದಿಯನ್ನು ನೀರಲ್ಲಿ ಮುಳುಗಿಸಿದ್ರೂ ಉಸಿರು ನಿಲ್ಲೋದಿಲ್ಲ. ಕೆಳಗಿನ ದವಡೆಯಲ್ಲಿ ಒಂದೊಂದು ಬದಿಗೆ 32 ಹಲ್ಲು, ಒಟ್ಟು 64, ಅದ್ರ ಥರದ ಬೇರೆ ಮಾಂಸಾಹಾರಿ ಡೈನೋಸಾರ್‌ಗಳಿಗೆ ಹೋಲಿಸಿದ್ರೆ ಸುಮಾರು ಎರಡು ಪಾಲು.

ಹಲ್ಲಿನ ಆಕಾರ ನೋಡಿ. ಹೆಚ್ಚಿನ ಮಾಂಸಾಹಾರಿ ಡೈನೋಸಾರ್‌ಗಳ ಹಲ್ಲು ಚಪ್ಪಟೆ, ಅಂಚಿಗೆ ಗರಗಸ, ಅಂದ್ರೆ ಅದು ಕತ್ತಿ, ಕೊಯ್ಲಿಕ್ಕೆ. ಬಾರಿಯೋನಿಕ್ಸಿನ ಹಲ್ಲು ಹೆಚ್ಚು ಉರುಟು, ತುದಿ ಚೂಪು, ಅಂಚಿನ ಗರಗಸ ಕೈಗೆ ಸಿಕ್ಕದಷ್ಟು ಸಣ್ಣದು. ಅಂದ್ರೆ ಮೊಳೆ, ಚುಚ್ಚಿ ಹಿಡಿಲಿಕ್ಕೆ. ಮಳೆಗಾಲ ಶುರುವಾಗುವಾಗ ತೋಡಿಂದ ಗದ್ದೆಗೆ ಉಬರ್ ಮೀನು ಹತ್ತುತ್ತದಲ್ಲ, ರಾತ್ರಿ ಟಾರ್ಚ್ ಹಿಡ್ಕೊಂಡು ಹೋದ ಅನುಭವ ನಮ್ಮ ಮಕ್ಕಳಿಗೆ ಉಂಟು, ಬರೀ ಕೈಯಲ್ಲಿ ಹಿಡಿದ್ರೆ ಜಾರಿ ಹೋಗ್ತದೆ ಅಂತ ಅವರಿಗೆ ನಾನು ಹೇಳ್ಬೇಕಾಗಿಲ್ಲ. ಜಾರುವ ಜೀವವನ್ನು ಕೊಯ್ಯೋದಲ್ಲ, ಮೊದಲು ಹಿಡ್ಕೊಳ್ಬೇಕು. ಎರಡೂ ಕೈಯ ಬೆರಳುಗಳನ್ನು ಒಂದಕ್ಕೊಂದು ಸೇರಿಸಿ ಒಂದು ಪೆನ್ಸಿಲನ್ನು ನಡುವೆ ಹಿಡ್ಕೊಳ್ಳಿಕ್ಕೆ ಹೇಳಿದೆ, ಪಕ್ಕದವನು ಎಳೀಲಿ ನೋಡುವ. ಬರ್ಲಿಲ್ಲ. 2007ರಲ್ಲಿ ವಿಜ್ಞಾನಿಗಳು ಈ ತಲೆಬುರುಡೆಯನ್ನು ಸಿಟಿ ಸ್ಕ್ಯಾನ್ ಮಾಡಿ, ಕಚ್ಚುವಾಗ ಎಲ್ಲಿ ಎಷ್ಟು ಒತ್ತಡ ಬೀಳ್ತದೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕಿದಾಗ ಅದು ಬೇರೆ ಡೈನೋಸಾರ್‌ಗಳಿಗಿಂತ ಘರಿಯಾಲಿಗೆ ಹತ್ತಿರ ಬಂತು.

ಆಕಾರ ಎಡಗಡೆ, ಆದ್ರೆ "ಆ ಆಕಾರ ಮೀನು ಹಿಡಿಲಿಕ್ಕೆ ಇದ್ದದ್ದು" ಅನ್ನೋದು ಬಲಗಡೆ. ಗಟ್ಟಿ ಊಹೆ, ಹೊಟ್ಟೆಯ ಹುರುಪೆ ಅದಕ್ಕೆ ಬೆಂಬಲಕ್ಕೆ ಉಂಟು.

ಮತ್ತೆ ಆ ಭಾರೀ ಉಗುರು ಎಂತಕ್ಕೆ? ಕರಡಿಗಳು ಹೊಳೆಬದಿಯಲ್ಲಿ ನಿಂತು ಪಂಜದಲ್ಲಿ ಮೀನು ಎತ್ತಿ ಹಾಕುವ ಹಾಗೆ ಇದೂ ದಡದಲ್ಲಿ ಕೂತು ಕೊಕ್ಕೆ ಹಾಕಿ ಎತ್ತಿರ್ಬಹುದು ಅಂತ ಚಾರಿಗ್ ಮತ್ತೆ ಮಿಲ್ನರ್ ಹೇಳಿದ್ರು. ಹೆಚ್ಚಿನ ಚಿತ್ರದಲ್ಲಿ ಇರೋದು ಇದೇ. ನನಗೂ ನಂಬಬೇಕು ಅನ್ನಿಸ್ತದೆ, ಆದ್ರೆ ಉಗುರಿಗೆ ಸಿಕ್ಕಿಕೊಂಡ ಮೀನು ಸಿಕ್ಕಿಲ್ಲ, ಬಲಗಡೆ.

ಕಾಲದ ಲೆಕ್ಕ ಮಕ್ಕಳಿಗೆ ಹೇಳೋದು ಎಲ್ಲದಕ್ಕಿಂತ ಕಷ್ಟ. ಹನ್ನೆರಡೂವರೆ ಕೋಟಿ ವರ್ಷಕ್ಕೂ ಹಿಂದೆ ಅಂದ್ರೆ ಅವರಿಗೆ ನೂರು ವರ್ಷದ ಹಾಗೆಯೇ ಕೇಳಿಸ್ತದೆ, ನಮಗೂ ಹಾಗೆಯೇ ಅಲ್ವಾ. ಒಂದು ಹಗ್ಗ ತಕ್ಕೊಂಡೆವು. ಒಂದು ಸೆಂಟಿಮೀಟರಿಗೆ ಒಂದು ಲಕ್ಷ ವರ್ಷ. ಹಾಗಾದ್ರೆ ಹಗ್ಗ ಹನ್ನೆರಡೂವರೆ ಮೀಟರ್ ಬೇಕು, ಕ್ಲಾಸಲ್ಲಿ ಸಾಲ್ಲಿಲ್ಲ, ಜಗಲಿಯುದ್ದಕ್ಕೆ ಹಾಸಿದೆವು. ಆ ತುದಿಯಲ್ಲಿ ಬಾರಿಯೋನಿಕ್ಸ್, ಈ ತುದಿಯಲ್ಲಿ ನಾವು. ಈ ತುದಿಯಿಂದ 6 ಮೀಟರ್ 60 ಸೆಂಟಿಮೀಟರಿಗೆ ಕೆಂಪು ನೂಲು ಕಟ್ಟಿದೆವು, ಹಕ್ಕಿಗಳಾದವನ್ನು ಬಿಟ್ಟು ಉಳಿದ ಡೈನೋಸಾರ್‌ಗಳೆಲ್ಲ ನಾಶ ಆದದ್ದು ಆಗ, ಟಿ ರೆಕ್ಸ್ ಇದ್ದದ್ದು ಅದಕ್ಕೆ ತಾಗಿ. ಅಂದ್ರೆ ಟಿ ರೆಕ್ಸಿಂದ ನಮ್ಮ ತನಕ ಎಷ್ಟು ದೂರವೋ, ಬಾರಿಯೋನಿಕ್ಸಿಂದ ಟಿ ರೆಕ್ಸಿನ ತನಕ ಹೆಚ್ಚುಕಡಿಮೆ ಅಷ್ಟೇ ದೂರ. ನಮ್ಮ ಮನುಷ್ಯ ಜಾತಿ ಬಂದದ್ದು ಈ ತುದಿಯ ಮೂರು ಸೆಂಟಿಮೀಟರ್. ಬೇಕಲ ಕೋಟೆ ಎಲ್ಲಿ ಬರ್ತದೆ ಅಂತ ಒಬ್ಬ ಕೇಳಿದ, ಶಿವಪ್ಪ ನಾಯಕರ ಕಾಲ ಅಂದ್ರೆ ಸುಮಾರು 1650, ಲೆಕ್ಕ ಹಾಕಿದ್ರೆ ಒಂದು ತಲೆಕೂದಲಿನ ದಪ್ಪಕ್ಕೂ ಕಡಿಮೆ. ಎಲ್ಲರೂ ಬಗ್ಗಿ ಹಗ್ಗದ ತುದಿ ನೋಡಿದ್ರು.

ಗಾತ್ರಕ್ಕೆ ಎರಡು ತೆಂಗಿನ ಮಡಲು ಸಾಕು. ಅಂಗಳದಲ್ಲಿ ಉದ್ದಕ್ಕೆ ಒಂದರ ಹಿಂದೆ ಒಂದು ಇಟ್ರೆ ಮೂತಿಯಿಂದ ಬಾಲದ ತನಕ ಹೆಚ್ಚುಕಡಿಮೆ ಅಷ್ಟು, 9-10 ಮೀಟರ್. ಆ ವಾಕರ್ ಅವರಿಗೆ ಸಿಕ್ಕಿದ್ದು ಪೂರ್ತಿ ಬೆಳೆದದ್ದೂ ಅಲ್ಲ.

ಇದ್ರ ಬಳಗದವರು ಬೇರೆ ಕಡೆಯೂ ಸಿಕ್ಕಿದ್ದಾರೆ. ಆಫ್ರಿಕಾದ ನೈಜರ್ ದೇಶದಲ್ಲಿ ಸಿಕ್ಕಿ 1998ರಲ್ಲಿ ಹೆಸರಾದ ಸುಕೋಮಿಮಸ್, ಹೆಸರಿನ ಅರ್ಥವೇ ಮೊಸಳೆಯ ಅನುಕರಣೆ ಮಾಡುವಂಥದ್ದು ಅಂತ. ಬ್ರೆಜಿಲಲ್ಲಿ ಹಾರುವ ಪ್ರಾಣಿ ಟೆರೋಸಾರಿನ ಕುತ್ತಿಗೆ ಮೂಳೆಯಲ್ಲಿ ಈ ಬಳಗದ ಒಂದು ಹಲ್ಲು ಚುಚ್ಚಿಕೊಂಡೇ ಸಿಕ್ಕಿದೆ, ನೋಡಿ, ಅದೂ "ಮೀನು ಮಾತ್ರ" ಅಲ್ಲ ಅಂತ ಹೇಳ್ತದೆ. ಎಲ್ಲರಿಗೂ ಗೊತ್ತಿರೋದು ಸ್ಪೈನೋಸಾರಸ್, ಬೆನ್ನ ಮೇಲೆ ಹಾಯಿಪಟದ ಹಾಗೆ ಎತ್ತರ ಇರುವಂಥದ್ದು. ಅದ್ರ ಮೂಳೆ 1912ರಲ್ಲಿ ಈಜಿಪ್ಟಲ್ಲಿ ಸಿಕ್ಕಿತು, 1915ರಲ್ಲಿ ಜರ್ಮನಿಯ ಅರ್ನ್ಸ್ಟ್ ಸ್ಟ್ರೋಮರ್ ಹೆಸರಿಟ್ರು, ಮ್ಯೂನಿಕ್ಕಿನ ಮ್ಯೂಸಿಯಮ್ಮಲ್ಲಿ ಇಟ್ಟಿದ್ರು, 1944ರ ಏಪ್ರಿಲಲ್ಲಿ ಯುದ್ಧದ ಬಾಂಬ್ ಬಿದ್ದು ಎಲ್ಲ ಸುಟ್ಟುಹೋಯ್ತು. ಉಳಿದದ್ದು ಅವರು ಬರೆದ ಚಿತ್ರ, ಬರಹ, ಕೆಲವು ಫೋಟೋ. ಅಷ್ಟು ಚೆಂದ ಅಳೆದು ಚಿತ್ರ ಬರೆದು ಇಟ್ಟದ್ದಕ್ಕೆ ಇವತ್ತಿಗೂ ಅದು ಉಪಯೋಗಕ್ಕೆ ಬರ್ತಾ ಉಂಟು. ಆಮೇಲೆ ಮೊರೊಕ್ಕೋದಲ್ಲಿ ಹೊಸ ಮೂಳೆ ಸಿಕ್ಕಿ 2014ರಲ್ಲಿ ಸುದ್ದಿಯಾಯ್ತು, 2020ರಲ್ಲಿ ಅದ್ರ ಬಾಲ ದೋಣಿಯ ಹುಟ್ಟಿನ ಹಾಗೆ ಅಗಲ ಅಂತ ಗೊತ್ತಾಯ್ತು.

ಈಗ ಜಗಳ ಇರೋದು ಇವು ನೀರಲ್ಲಿ ಮುಳುಗಿ ಈಜ್ತಿದ್ದವಾ, ದಡದಲ್ಲಿ ನಿಂತು ಹಿಡೀತಿದ್ದವಾ ಅಂತ. 2022ರಲ್ಲಿ ಒಂದು ತಂಡ ಮೂಳೆಯ ಅಡ್ಡ ಕೊಯ್ದ ಭಾಗ ನೋಡಿ, ಹಿಪ್ಪೋ, ಪೆಂಗ್ವಿನ್ ಥರ ಮುಳುಗುವ ಪ್ರಾಣಿಗಳ ಮೂಳೆ ಒಳಗೂ ಗಟ್ಟಿ ತುಂಬಿರ್ತದೆ, ಸ್ಪೈನೋಸಾರಸ್ ಮತ್ತೆ ಬಾರಿಯೋನಿಕ್ಸಿನದ್ದೂ ಹಾಗೇ ಉಂಟು, ಸುಕೋಮಿಮಸಿನದ್ದು ಹಾಗಿಲ್ಲ ಅಂತ ಹೇಳಿತು. ಅದೇ ವರ್ಷ ಇನ್ನೊಂದು ತಂಡ ಸ್ಪೈನೋಸಾರಸ್ಸಿನ ದೇಹದ ಲೆಕ್ಕ ಹಾಕಿ, ಅದು ಒಳ್ಳೆ ಈಜುಗಾರ ಆಗ್ಲಿಕ್ಕೆ ಸಾಧ್ಯ ಇಲ್ಲ, ತೆಳು ನೀರಲ್ಲಿ ನಡೆದು ಹಿಡೀತಿತ್ತು ಅಂತ ಹೇಳಿತು. ಮಕ್ಕಳಿಗೆ ಇದನ್ನು ಮುಚ್ಚಿಡ್ಬೇಡಿ. ವಿಜ್ಞಾನಿಗಳೂ ಒಬ್ಬರು ಇನ್ನೊಬ್ಬರ ಹತ್ರ "ನೀನು ಹೇಗೆ ಹೇಳ್ತಿ, ತೋರಿಸು" ಅಂತ ಕೇಳ್ತಾರೆ ಅಂತ ಗೊತ್ತಾದಾಗ ನಮ್ಮ ಕ್ಲಾಸಿನವರ ಮುಖ ನೋಡ್ಬೇಕಿತ್ತು.

"ಸ್ಪೈನೋಸಾರಸ್ಸೂ ಟಿ ರೆಕ್ಸೂ ಹೊಡೆದಾಡಿದ್ರೆ?" ಅನ್ನೋದು ಬಂದೇ ಬರ್ತದೆ. ಒಂದು ಆಫ್ರಿಕಾದಲ್ಲಿ, ಇನ್ನೊಂದು ಉತ್ತರ ಅಮೆರಿಕದಲ್ಲಿ, ನಡುವೆ ಹಗ್ಗದಲ್ಲಿ ಸುಮಾರು ಮೂರು ಮೀಟರ್ ಅಂತರ. ಹಗ್ಗ ತೋರಿಸಿದ್ರೆ ಸಾಕು. ಹಾಗೆಯೇ ಸಮುದ್ರದಲ್ಲಿದ್ದ ಪ್ಲೀಸಿಯೋಸಾರ್, ಇಕ್ತಿಯೋಸಾರ್, ಮೋಸಾಸಾರ್ ಮೀನು ತಿಂತಿದ್ದವು, ಆದ್ರೆ ಅವು ಡೈನೋಸಾರ್ ಅಲ್ಲ, ಬೇರೆ ಸರೀಸೃಪಗಳು, ಪ್ಲಾಸ್ಟಿಕ್ ಗೊಂಬೆ ಪ್ಯಾಕೆಟಲ್ಲಿ ಎಲ್ಲ ಒಟ್ಟಿಗೆ ಬರ್ತವೆ ಅಂತ ಮೋಸ ಹೋಗೋದು ಬೇಡ.

ಇನ್ನೊಂದು ಪ್ರಶ್ನೆ, ನಮ್ಮ ಕಲ್ಲಿನ ಕೋರೆಯಲ್ಲಿ ಸಿಕ್ಕಬಹುದಾ? ನಮ್ಮ ಸುತ್ತ ಮುರಕಲ್ಲು ಕೊಯ್ಯುವ ಕೋರೆಗಳು ಬೇಕಾದಷ್ಟು ಉಂಟು, ಮಕ್ಕಳು ಅಲ್ಲಿ ಹುಡುಕ್ಲಿಕ್ಕೆ ರೆಡಿಯಾಗಿದ್ರು. ಮೂಳೆ ಕಲ್ಲಾಗಿ ಉಳೀಬೇಕಾದ್ರೆ ಸತ್ತ ಕೂಡ್ಲೇ ಕೆಸರು ಮುಚ್ಚಬೇಕು, ಅದ್ರ ಮೇಲೆ ಪದರ ಪದರವಾಗಿ ಕೆಸರು ಕೂತು ಗಟ್ಟಿಯಾಗ್ಬೇಕು. ಮುರಕಲ್ಲು ಹಾಗೆ ಆದದ್ದಲ್ಲ, ಇದ್ದ ಕಲ್ಲೇ ಲಕ್ಷಗಟ್ಟಲೆ ವರ್ಷದ ಮಳೆ ಬಿಸಿಲಿಗೆ ಕೊಳೆತು, ಕರಗುವುದೆಲ್ಲ ತೊಳೆದು ಹೋಗಿ, ಕಬ್ಬಿಣದ ಅಂಶ ಉಳಿದು ಕೆಂಪಾದದ್ದು. ಅಂಥದ್ರಲ್ಲಿ ಮೂಳೆ ಉಳಿಯೋದಿಲ್ಲ. ನಮ್ಮ ದೇಶದ ಡೈನೋಸಾರ್ ಮೂಳೆಗಳು ಸಿಕ್ಕಿದ್ದು ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರದ ಕಡೆ, ತಮಿಳುನಾಡಿನ ಅರಿಯಲೂರು ಕಡೆ, ಅಲ್ಲೆಲ್ಲ ಅಂಥ ಕೆಸರಿನ ಕಲ್ಲು ಉಂಟು. ಮಕ್ಕಳಿಗೆ ಬೇಜಾರಾಯ್ತು, ನಿಜ ಹೇಳ್ಬೇಕಾದ್ರೆ ನನಗೂ.

ಅದಕ್ಕೆ ನಾನು ಅವರನ್ನು ಶಾಲೆಯ ಹಿಂದಿನ ಗದ್ದೆಗೆ ಕರ್ಕೊಂಡು ಹೋದೆ. ಅಲ್ಲಿ ಕೊಕ್ಕರೆ ನಿಂತಿತ್ತು, ತುಳುವಲ್ಲಿ ಕೊರ್ಂಗು, ಮಲಯಾಳದಲ್ಲಿ ಕೊಕ್ಕ್. ಬಾರಿಯೋನಿಕ್ಸ್ ನೋಡ್ಲಿಕ್ಕೆ ಮೊಸಳೆ ಥರ, ಆದ್ರೆ ಸಂಬಂಧದಲ್ಲಿ ಹತ್ತಿರದ್ದು ಈ ಕೊಕ್ಕರೆ. ಎರಡು ಕಾಲಲ್ಲಿ ನಡೆಯುವ ಮಾಂಸಾಹಾರಿ ಡೈನೋಸಾರ್‌ಗಳ ಗುಂಪಿಂದಲೇ ಹಕ್ಕಿಗಳು ಬಂದದ್ದು, ಮೊಸಳೆಗಳ ದಾರಿ ಅದಕ್ಕಿಂತ ತುಂಬ ಹಿಂದೆಯೇ ಬೇರೆಯಾಗಿದೆ. ಮೂತಿ ಒಂದೇ ಥರ ಆದದ್ದು ಇಬ್ಬರೂ ಒಂದೇ ಥರದ ಊಟ ಹಿಡೀತಿದ್ರು ಅಂತ, ನೆಂಟಸ್ತಿಕೆಯಿಂದ ಅಲ್ಲ. ಹತ್ತು ನಿಮಿಷ ಅದು ಅಲ್ಲಾಡ್ಲಿಲ್ಲ, ಮಕ್ಕಳೂ ಅಲ್ಲಾಡ್ಲಿಲ್ಲ, ಇಷ್ಟು ಸುಮ್ಮನೆ ನಮ್ಮ ಕ್ಲಾಸು ಯಾವತ್ತೂ ಕೂತದ್ದಿಲ್ಲ. ಆಮೇಲೆ ಕುತ್ತಿಗೆ ಒಮ್ಮೆ ಹೋಗಿ ಬಂತು, ಕೊಕ್ಕಲ್ಲಿ ಅಡ್ಡಕ್ಕೆ ಒಂದು ಸಣ್ಣ ಮೀನು. ಎರಡು ಸರ್ತಿ ಮೇಲೆ ಎಸೆದ ಹಾಗೆ ಮಾಡಿ ತಿರುಗಿಸಿ, ತಲೆ ಮುಂದಾಗಿ ನುಂಗಿತು.

ವಾಪಸ್ ಬಂದ ಮೇಲೆ ಮೊದಲ ದಿನ ಪ್ರಶ್ನೆ ಕೇಳಿದ ಅದೇ ಹುಡುಗಿ ಚಾಕ್ ತಕ್ಕೊಂಡು ಬೋರ್ಡಿನ ಹತ್ರ ಹೋದ್ಲು. ಬಲಗಡೆ, ಎಲ್ಲದಕ್ಕಿಂತ ಕೆಳಗೆ ಬರೆದ್ಲು: "ತಲೆ ಮುಂದೆ ಮಾಡಿ ನುಂಗ್ತಿತ್ತು." ಸ್ವಲ್ಪ ನಿಂತು ಯೋಚನೆ ಮಾಡಿ ಪಕ್ಕದಲ್ಲಿ ಇನ್ನೊಂದು ಸೇರಿಸಿದ್ಲು, "ಕೊಕ್ಕರೆ ನೋಡಿ ಹೇಳಿದ್ದು."